ತೊಟ್ಟಿಲು

ತೊಟ್ಟಿಲು (ನಾಮಪದ): ಮಗುವನ್ನು ಮಲಗಿಸಿ ತೂಗುವ ಸಾಧನ. ಹಳಗನ್ನಡದಲ್ಲಿ 'ತೊಟ್ಟಿಲ್'.

ಕನ್ನಡ, ತಮಿಳು ಒಂದೇ ಉಸಿರಿನಲ್ಲಿ ಬೆರೆಯುವ ಬೆಂಗಳೂರಿನ ಮರ್ಫಿ ಟೌನ್‌ನಲ್ಲಿ ಈ ಪದಕ್ಕೆ ದುಭಾಷಿ ಬೇಡ. ತಮಿಳು, ಮಲಯಾಳಗಳೆರಡರಲ್ಲೂ ಅದು 'ತೊಟ್ಟಿಲ್'. ಸೀರೆ ಕಟ್ಟಿ ತೂಗಿದರೆ ಮಾತ್ರ ಕನ್ನಡದಲ್ಲಿ 'ಜೋಲಿ', ತಮಿಳಿನಲ್ಲಿ 'ತೂಳಿ'. ನಾಮಕರಣಕ್ಕೆ 'ತೊಟ್ಟಿಲಿಗೆ ಹಾಕುವುದು' ಎನ್ನುತ್ತೇವೆ. ಜಾತ್ರೆಯಲ್ಲಿ ಗಿರಗಿರ ಸುತ್ತುವುದೂ ತೊಟ್ಟಿಲೇ.

ಈಚೆಗೆ ಪದಕ್ಕೆ ಇನ್ನೊಂದು ಅರ್ಥ ಕೂಡಿಕೊಂಡಿದೆ: ಸಾಕಲಾಗದ ಹಸುಗೂಸನ್ನು ಸುರಕ್ಷಿತವಾಗಿ ಬಿಡುವ ತಾಣ. ತಮಿಳುನಾಡು 1992ರಲ್ಲಿ ಸೇಲಂ ಜಿಲ್ಲೆಯಲ್ಲಿ 'ತೊಟ್ಟಿಲು ಮಗು' ಯೋಜನೆ ಆರಂಭಿಸಿತು. ಕೇರಳದಲ್ಲಿ 2002ರಲ್ಲಿ 'ಅಮ್ಮತ್ತೊಟ್ಟಿಲ್' ಬಂತು. ನಮ್ಮಲ್ಲಿ ಅದು 'ಮಮತೆಯ ತೊಟ್ಟಿಲು'.

ಹೀಗೆ ಬಿಟ್ಟ ಕೂಸಿನ ಸುದ್ದಿಗೂ 'ಎಸೆದರು' ಎಂದು ಬರೆಯುವುದು ತಪ್ಪು ಬಳಕೆ. ಎಸೆಯುವುದು ತೊಟ್ಟಿಗೆ, ಮಲಗಿಸುವುದು ತೊಟ್ಟಿಲಿಗೆ. ಮಗುವನ್ನು ಎಲ್ಲೆಂದರಲ್ಲಿ ಬಿಟ್ಟುಹೋಗುವುದು ಅಪರಾಧ. ಆದರೆ 2015ರ ಬಾಲನ್ಯಾಯ ಕಾಯ್ದೆ ತೋರುವ ದಾರಿಗೆ ಹೊಂದುವ ಕ್ರಿಯಾಪದ 'ಒಪ್ಪಿಸು'. ಅನಿವಾರ್ಯಕ್ಕೆ ಸಿಕ್ಕ ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮರುಯೋಚನೆಗೆ 2 ತಿಂಗಳ ಕಾಲಾವಕಾಶವಿದೆ. ಆ ಬಳಿಕವೇ ದತ್ತಿನ ಮಾತು.