ಮುಹೂರ್ತವಿಲ್ಲದ ದಿನಗಳ ಆಟ

ಈಗಿನ ಹುಡುಗಿಯರಿಗೆ ಪಡುಕೋಣೆ ಎಂದರೆ ದೀಪಿಕಾ. ನಮ್ಮ ಕಾಲದವರಿಗೆ ಪಡುಕೋಣೆ ಎಂದರೆ ಪ್ರಕಾಶ್. ಕುಂದಾಪುರದ ಕಡೆಯ ಒಂದು ಪುಟ್ಟ ಊರಿನ ಹೆಸರನ್ನು ಲೋಕಕ್ಕೆ ಕೇಳಿಸಿದವರು ಮೊದಲು ಅಪ್ಪ, ಆಮೇಲೆ ಮಗಳು. ಆದರೆ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಒಂದು ಮದುವೆಯ ಸಭಾಂಗಣ!

ನಮ್ಮ ಶೇಷಾದ್ರಿಪುರಂನಿಂದ ಲಿಂಕ್ ರಸ್ತೆ ಹಿಡಿದು ನಡೆದರೆ ಮಲ್ಲೇಶ್ವರ. ಅಲ್ಲಿನ ಕೆನರಾ ಯೂನಿಯನ್ ಸಭಾಂಗಣದಲ್ಲಿ ಮದುವೆಗಳು ನಡೆಯುತ್ತಿದ್ದವು. ಸಮಾರಂಭವಿಲ್ಲದ ದಿನ ಅದೇ ಬ್ಯಾಡ್ಮಿಂಟನ್ ಅಂಕಣ. 1955ರ ಜೂನ್ 10ರಂದು ಹುಟ್ಟಿದ ಪ್ರಕಾಶ್ ಆಟ ಕಲಿತದ್ದು ಇಲ್ಲಿಯೇ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಅಂಥವರ ಮಗನಿಗೂ ಬೇರೆ ಅಂಕಣವಿರಲಿಲ್ಲ. ಇಂದು ಅಲ್ಲಿ ಸಮಾರಂಭ ಉಂಟೋ ಇಲ್ಲವೋ ಎಂದು ಕಾದಿದ್ದು, ಇಲ್ಲವೆಂದಾದರೆ ಶಾಲೆ ಮುಗಿಸಿ ಓಡುತ್ತಿದ್ದುದನ್ನು ಅವರೇ ತಮ್ಮ ಹೆಣ್ಣುಮಕ್ಕಳಿಗೆ ಬರೆದ ಪತ್ರದಲ್ಲಿ ನೆನೆದಿದ್ದಾರೆ. ಮದುವೆಗಳು ನಿಲ್ಲುವ ಆಷಾಢ, ಧನುರ್ಮಾಸಗಳು ಆ ಹುಡುಗರಿಗೆ ಸುಗ್ಗಿಯಾಗಿರಬೇಕು!

ದೂರದ ನಾರ್ವೆಯಲ್ಲಿ ಚಳಿಗಾಲ ಬಂದರೆ ಕೆರೆಗಳು ಹೆಪ್ಪುಗಟ್ಟುತ್ತವೆ, ಮಕ್ಕಳು ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಜಾರಲು ಕಲಿಯುತ್ತಾರೆ. ಅವರಿಗೆ ಅಂಗಳವನ್ನು ಪ್ರಕೃತಿಯೇ ಹಾಸಿಕೊಡುತ್ತದೆ. ನಮ್ಮ ಮಕ್ಕಳಿಗೆ ದೊಡ್ಡವರೇ ಹಾಸಿಕೊಡಬೇಕು.

ಪ್ರಕಾಶ್ ಆಡಿದ ಮೊದಲ ಪಂದ್ಯಾವಳಿಯಲ್ಲಿ ಮೊದಲ ಸುತ್ತಿಗೇ ಸೋತರು. ಆದರೆ ಹದಿಹರೆಯದಲ್ಲೇ, ಒಂದೇ ವರ್ಷ, ಕಿರಿಯರ ಹಾಗೂ ಹಿರಿಯರ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಗೆದ್ದರು. ಅಲ್ಲಿಂದ ಸತತ ಒಂಬತ್ತು ಬಾರಿ ಹಿರಿಯರ ಪಟ್ಟ ಅವರದೇ. 1972ರಲ್ಲಿ ಅರ್ಜುನ ಪ್ರಶಸ್ತಿ. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ.

ಆಮೇಲೆ ಬಂತು 1980. ಡ್ಯಾನಿಶ್ ಓಪನ್, ಸ್ವೀಡಿಷ್ ಓಪನ್ ಗೆದ್ದು ಆಲ್ ಇಂಗ್ಲೆಂಡ್ ಫೈನಲ್ ತಲುಪಿದಾಗ ಎದುರಿಗಿದ್ದವರು ಹಿಂದಿನೆರಡು ವರ್ಷಗಳ ಚಾಂಪಿಯನ್, ಇಂಡೋನೇಷ್ಯಾದ ಲಿಯಮ್ ಸ್ವೀ ಕಿಂಗ್. ನೆಗೆದು ಸ್ಮ್ಯಾಶ್ ಹೊಡೆಯುವುದರಲ್ಲಿ ಆತ ಎತ್ತಿದ ಕೈ. ಪ್ರಕಾಶ್ ಬಲಕ್ಕೆ ಬಲ ಕೊಡಲಿಲ್ಲ. ಆಟದ ವೇಗ ತಗ್ಗಿಸಿದರು, ನೆಟ್ಟಿನ ಬಳಿ ಮೆಲ್ಲನೆ ಚೆಂಡು ಇಳಿಸಿದರು, ಮಣಿಕಟ್ಟಿನಲ್ಲೇ ಮೋಸಗೊಳಿಸಿದರು. 15-3, 15-10! 1947ರಲ್ಲಿ ಇನ್ನೊಬ್ಬ ಪ್ರಕಾಶ್, ಪ್ರಕಾಶ್ ನಾಥ್, ಇದೇ ಪಂದ್ಯಾವಳಿಯ ಫೈನಲ್‌ನಲ್ಲಿ ಸೋತಿದ್ದರು. ಗೆದ್ದ ಮೊದಲ ಭಾರತೀಯ ನಮ್ಮ ಮಲ್ಲೇಶ್ವರದ ಹುಡುಗ.

ಗೆದ್ದ ಮೇಲೂ ಮನೆಯಲ್ಲಿ ಹಾಯಾಗಿ ಕೂರಲಿಲ್ಲ. ಒಳ್ಳೆಯ ಎದುರಾಳಿಗಳನ್ನು ಹುಡುಕಿಕೊಂಡು ಡೆನ್ಮಾರ್ಕಿಗೆ ಹೋಗಿ ನೆಲೆಸಿದರು. 1981ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಅದೇ ಕಿಂಗ್‌ಗೆ ಸೋತರು. ಅದೇ ವರ್ಷ ವಿಶ್ವಕಪ್ ಗೆದ್ದರು. 1983ರಲ್ಲಿ ಕೋಪನ್‌ಹೇಗನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು.

ಇದನ್ನೆಲ್ಲ ಹೆಮ್ಮೆಯಿಂದ ಹೇಳುವಾಗ ನನ್ನೊಳಗೆ ಒಂದು ಸಣ್ಣ ಮುಳ್ಳು. ನಮ್ಮ ಬೀದಿಯಲ್ಲಿ ನಾವು ಹುಡುಗಿಯರೂ ಗೇಟಿಗೂ ಲೈಟು ಕಂಬಕ್ಕೂ ಹಗ್ಗ ಕಟ್ಟಿ ಷಟಲ್ ಆಡುತ್ತಿದ್ದೆವು. ದೀಪ ಹಚ್ಚುವ ಹೊತ್ತಾಯಿತೆಂದು ಒಳಗಿನಿಂದ ಕೂಗು ಬಂದರೆ ಹೋಗಬೇಕಾದವರು ಹುಡುಗಿಯರು ಮಾತ್ರ. ಅಣ್ಣತಮ್ಮಂದಿರ ಆಟ ಬೀದಿದೀಪದಡಿ ಮುಂದುವರಿಯುತ್ತಿತ್ತು. ಯಾರಿಗೆ ಎಷ್ಟು ಪ್ರತಿಭೆಯಿತ್ತೋ! ಅದು ತಿಳಿಯುವಷ್ಟು ಹೊತ್ತೇ ನಮಗೆ ಸಿಗಲಿಲ್ಲ.

ಆದರೆ ಇತಿಹಾಸ ಕೆಲವೊಮ್ಮೆ ಸಾಲ ತೀರಿಸುತ್ತದೆ. ಪ್ರಕಾಶರ 1983ರ ಕಂಚಿನ ನಂತರ 28 ವರ್ಷ ಭಾರತಕ್ಕೆ ವಿಶ್ವ ಚಾಂಪಿಯನ್‌ಶಿಪ್ ಪದಕವೇ ಬರಲಿಲ್ಲ. 2011ರಲ್ಲಿ ಲಂಡನ್ನಿನಲ್ಲಿ ಅದನ್ನು ತಂದವರು ಇಬ್ಬರು ಹೆಣ್ಣುಮಕ್ಕಳು: ಜ್ವಾಲಾ ಗುಟ್ಟಾ ಮತ್ತು ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ. ಅಶ್ವಿನಿಗೆ ಯಾರೋ ಅಂಕಣ ಕೊಟ್ಟರು, ಹೊತ್ತು ಕೊಟ್ಟರು.

1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಯೋಹಾನ್ ಓಲಾವ್ ಕಾಸ್ ಎಂಬ ಸ್ಕೇಟರ್ ಮೂರು ಚಿನ್ನ ಗೆದ್ದ, ಮೂರರಲ್ಲೂ ವಿಶ್ವದಾಖಲೆ. ಆಮೇಲೆ ಆತ ಬಡದೇಶಗಳ ಮಕ್ಕಳಿಗೂ ಆಡುವ ಹಕ್ಕಿದೆ ಎಂದು ‘ರೈಟ್ ಟು ಪ್ಲೇ’ ಸಂಸ್ಥೆ ಕಟ್ಟಿದ. ಅದೇ 1994ರಲ್ಲಿ ಪ್ರಕಾಶ್ ಬೆಂಗಳೂರಿನಲ್ಲಿ ತಮ್ಮ ಅಕಾಡೆಮಿ ತೆರೆದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ತಮಗೆ ಸಿಕ್ಕ ಅಂಗಳವನ್ನು ಇಬ್ಬರೂ ಮುಂದಿನವರಿಗೆ ದಾಟಿಸಿದರು.

ನಮ್ಮ ಬಡಾವಣೆಗಳಲ್ಲಿ ಎಷ್ಟು ಕಲ್ಯಾಣಮಂಟಪಗಳು, ಸಂಘದ ಸಭಾಂಗಣಗಳು ಮುಹೂರ್ತವಿಲ್ಲದ ದಿನ ಬೀಗ ಹಾಕಿಕೊಂಡಿರುತ್ತವೆ! ನಿಮ್ಮೂರಿನಲ್ಲೂ ಇರಬಹುದು. ಒಮ್ಮೆ ಹೋಗಿ ಆಡಳಿತ ಸಮಿತಿಯವರನ್ನು ಕೇಳೋಣ: ಸಂಜೆ ಎರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡಿ, ಅದರಲ್ಲಿ ಒಂದು ಗಂಟೆ ಹೆಣ್ಣುಮಕ್ಕಳದ್ದಾಗಿರಲಿ ಎಂದು. ಆ ಹೊತ್ತಿಗೆ ಮನೆಯಲ್ಲಿ ದೀಪ ಯಾರಾದರೂ ಹಚ್ಚುತ್ತಾರೆ.