ಉತಾರಾ ತೋರಿಸಿದ ಪರದೆ: ಹಳದಿ ಕಂಪ್ಯೂಟರ್ ಬೆಳ್ಳಗ ಮಾಡೋ ಮುಂಚೆ

ಇವತ್ತಿನ ಪ್ರಶ್ನೆ ಇದು: ಹಳೇ ಕಂಪ್ಯೂಟರ್ ಹಳದಿ ಯಾಕ ಆಗ್ತದ? ಅದನ್ನ ಮತ್ತ ಬೆಳ್ಳಗ ಮಾಡಬಹುದಾ? ಮಾಡಬೇಕಾ?

ಮೊದಲ ತಿಳ್ಕೋಬೇಕಾದ್ದು, ಆ ಹಳದಿ ಹೊಲಸು ಅಲ್ಲ. ಎಷ್ಟು ಸೋಪ್ ಹಚ್ಚಿ ತಿಕ್ಕಿದರೂ ಹೋಗೋದಿಲ್ಲ. ಆಗಿನ ಮಾನಿಟರ್, ಕೀಬೋರ್ಡ್, ಸಿಪಿಯು ಡಬ್ಬಿಯ ಮುಂಭಾಗ ಹೆಚ್ಚಾಗಿ ಎಬಿಎಸ್ ಅನ್ನೋ ಪ್ಲಾಸ್ಟಿಕ್. ಇದರಾಗ ರಬ್ಬರ್‌ನಂಥ ಬ್ಯುಟಾಡೈಯೀನ್ ಇರ್ತದ. ಬಿಸಿಲು, ಶಾಖ, ಗಾಳಿಯ ಆಮ್ಲಜನಕ ಸೇರಿ ವರ್ಷಗಟ್ಟಲೆ ಅದನ್ನ ಬದಲಾಯಿಸ್ತಾವ. ಬೆಂಕಿ ಬೇಗ ಹತ್ತಬಾರದು ಅಂತ ಬೆರೆಸ್ತಿದ್ದ ಬ್ರೋಮಿನ್ ರಾಸಾಯನಿಕಗಳದ್ದೂ ಪಾಲು ಐತಿ. ಅದಕ್ಕ ಕೆಲವು ಕೀಬೋರ್ಡ್‌ಗಳಲ್ಲಿ ಸ್ಪೇಸ್‌ಬಾರ್ ಒಂದೇ ಹಳದಿಯಾಗಿರ್ತದ. ಉಳಿದ ಕೀಗಳ ಪ್ಲಾಸ್ಟಿಕ್ ಬೇರೆ.

2008ರ ಹೊತ್ತಿಗೆ ಯುರೋಪ್, ಅಮೆರಿಕದ ಹಳೇ ಕಂಪ್ಯೂಟರ್ ಪ್ರಿಯರು ಇದಕ್ಕೊಂದು ಮದ್ದು ಹುಡುಕಿ ‘ರೆಟ್ರೋಬ್ರೈಟ್’ ಅಂತ ಹೆಸರಿಟ್ಟರು. ಅಸಲಿ ವಸ್ತು ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಅಂಗಡಿಯಲ್ಲಿ ಸಿಗೋ ‘20 ವಾಲ್ಯೂಮ್’ ಬಾಟಲಿ ಅಂದ್ರ ಸುಮಾರು ಶೇ. 6, ಪಾರ್ಲರ್‌ಗಳಲ್ಲಿ ಕೂದಲಿಗೆ ಹಚ್ಚೋ ‘40 ವಾಲ್ಯೂಮ್’ ಕ್ರೀಮ್ ಅಂದ್ರ ಶೇ. 12. ಪ್ಲಾಸ್ಟಿಕ್ ಭಾಗ ಬಿಚ್ಚಿ, ತೊಳೆದು, ಅದರಾಗ ಅದ್ದಿ ಅಥವಾ ಕ್ರೀಮ್ ಹಚ್ಚಿ ಬಿಸಿಲಿಗೆ ಇಡ್ತಾರ. ಕೆಲವು ತಾಸಿನಾಗ ಬಣ್ಣ ಇಳೀತದ. ಕ್ರೀಮ್ ಸಮ ಹಚ್ಚದಿದ್ರ, ಇಲ್ಲಾ ನಡುವೆ ಒಣಗಿದ್ರ, ಪಟ್ಟೆ ಪಟ್ಟೆ ಕಲೆ ಬೀಳ್ತದ. ಕೈಗವಸು, ಕನ್ನಡಕ ಬೇಕೇ ಬೇಕು. ಇನ್ನೊಂದು: ದಪ್ಪ ಟ್ಯೂಬ್ ಮಾನಿಟರ್ ಮನ್ಯಾಗ ಬಿಚ್ಚಬ್ಯಾಡ್ರಿ. ಪ್ಲಗ್ ಕಿತ್ತ ಮೇಲೂ ಒಳಗ ಸಾವಿರಾರು ವೋಲ್ಟ್ ಉಳಿದಿರಬಹುದು.

ಆದ್ರ ಈ ಬಿಳುಪು ಕಾಯಂ ಅಲ್ಲ. ನಮ್ಮ ಕಡೆ ಗಾಣದಾಗ ಬೆಲ್ಲ ಹೊಳೀಲಿ ಅಂತ ಹೈಡ್ರೋಸ್ ಹಾಕ್ತಾರಲ್ಲ, ಹಂಗ. ರಸಾಯನ ಬೇರೆ, ಆಸೆ ಒಂದೇ: ನೋಡೋಕೆ ಚಂದ ಕಾಣ್ಲಿ. ಪೆರಾಕ್ಸೈಡ್ ಮೇಲಿನ ಬಣ್ಣ ತೆಗೀತದ; ಸವೆದ ಪ್ಲಾಸ್ಟಿಕ್‌ಗೆ ಹಳೇ ಗಟ್ಟಿತನ ಕೊಡೋದಿಲ್ಲ. ಕೆಲವು ವರ್ಷಕ್ಕ, ಕಪಾಟಿನಾಗ ಇಟ್ಟರೂ, ಹಳದಿ ವಾಪಸ್ ಬಂದ ಉದಾಹರಣೆ ಬಹಳ ಅದಾವ.

ಹಂಗಾದ್ರ ಇಂಥ ಕಂಪ್ಯೂಟರ್ ಉಳಿಸೋದು ಯಾಕ? ಇಲ್ಲೇ ನಮ್ಮ ಊರಿನ ಇತಿಹಾಸ ಬರ್ತದ.

2000ದ ಆಸುಪಾಸು ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆ ಶುರು ಮಾಡ್ತು. ಅದಕ್ಕೂ ಮುಂಚೆ ಉತಾರಾ ಬೇಕಂದ್ರ ತಲಾಟಿ ಹುಡುಕಬೇಕಿತ್ತು. ರಾಜ್ಯದಾದ್ಯಂತ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ವಹಿಗಳಲ್ಲಿ ಜಮೀನಿನ ಲೆಕ್ಕ ಇತ್ತು. ಅವರು ಬರೆದದ್ದನ್ನ ರೈತ ನೋಡೋದೇ ಕಷ್ಟ. ಆಗಿನ 177 ತಾಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರ್‌ಗೆ ಹೋದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ. ತಾಲೂಕಿನಾಗ ಇದು ಶುರುವಾದ ಮೇಲೆ ಕೈಬರಹದ ಉತಾರಾ ಚಾಲ್ತಿಯಿಂದ ಹೋಯ್ತು. ನಿಪ್ಪಾಣಿ ಆಗ ಚಿಕ್ಕೋಡಿ ತಾಲೂಕಿನಾಗ, ಕಾಗವಾಡ ಅಥಣಿ ತಾಲೂಕಿನಾಗ. ಹಂಗಾಗಿ ಅಲ್ಲಿನ ರೈತರು ಆ ಊರಿನ ಕಚೇರಿಗೇ ಬಸ್ ಹಿಡೀಬೇಕಿತ್ತು.

ಈ ಯೋಜನೆಯಾಗ ನನಗ ಬಹಳ ಇಷ್ಟವಾಗೋದು ಒಂದು ಸಣ್ಣ ಸಂಗತಿ. ಕೌಂಟರ್‌ನಾಗ ಎರಡು ಪರದೆ: ಒಂದು ಸಿಬ್ಬಂದಿ ಕಡೆ, ಇನ್ನೊಂದು ರೈತನ ಕಡೆ. ತನ್ನ ಹೆಸರು, ಸರ್ವೇ ನಂಬರು, ಎಕರೆ-ಗುಂಟೆ ಟೈಪ್ ಆಗೋದನ್ನ ರೈತ ನಿಂತಲ್ಲೇ ನೋಡಬಹುದಿತ್ತು. ತಲೆಮಾರುಗಟ್ಟಲೆ ಮುಚ್ಚಿದ್ದ ವಹಿ ತಿರುಗಿ ಜನರ ಮುಂದ ನಿಂತಂಗಾತು.

ಆ ಕಾಲದ ಮಾನಿಟರ್‌ಗಳಿಗೆ ಈಗ ಬೆಲೆ ಏನು? ಬಿ.ಕಾಂ. ಓದಿದವರಿಗೆ ಗೊತ್ತು: ಆದಾಯ ತೆರಿಗೆ ಲೆಕ್ಕದಾಗ ಈಗ ಕಂಪ್ಯೂಟರ್‌ಗೆ ವರ್ಷಕ್ಕ ಶೇ. 40 ಸವಕಳಿ. 100 ರೂಪಾಯಿ ಯಂತ್ರ ಐದು ವರ್ಷಕ್ಕ 8 ರೂಪಾಯಿಗಿಂತ ಕೆಳಗೆ. ಆಮೇಲೆ ಗುಜರಿ, ಕಿಲೋ ಲೆಕ್ಕ. ರೈತನ ಕಡೆ ತಿರುಗಿದ್ದ ಆ ಪರದೆಗೆ ಲೆಡ್ಜರ್‌ನಾಗ ಕಾಲಂ ಇಲ್ಲ.

ಅದಕ್ಕ ನನ್ನ ಅಭಿಪ್ರಾಯ ಹೇಳ್ತೀನಿ. ಮನೆಯ ಆಟದ ಕಂಪ್ಯೂಟರ್, ಸೈಬರ್ ಕೆಫೆಯ ಕೀಬೋರ್ಡ್ ಬೆಳ್ಳಗ ಮಾಡಿ ಖುಷಿ ಪಡ್ರಿ, ತಪ್ಪಿಲ್ಲ. ಆದ್ರ ಕಚೇರಿ, ಶಾಲೆ, ಸೊಸೈಟಿಯಲ್ಲಿ ದುಡಿದ ಯಂತ್ರ ಸಿಕ್ಕರ, ಪೆರಾಕ್ಸೈಡ್ ಮುಟ್ಟೋ ಮುಂಚೆ ನಾಲ್ಕೂ ಕಡೆ ಫೋಟೋ ತೆಗೀರಿ. ದಾಸ್ತಾನು ನಂಬರಿನ ಬಣ್ಣ, ಅಂಟಿಸಿದ ಚೀಟಿ, ಸವೆದ ಕೀ ಅಳಿಸಬ್ಯಾಡ್ರಿ. ಯಾವ ಕೀ ಹೆಚ್ಚು ಸವೆದಿದೆ ಅನ್ನೋದೂ ಅಲ್ಲಿ ಏನು ಕೆಲಸ ನಡೀತು ಅಂತ ಹೇಳ್ತದ. ಹಳದಿಯನ್ನ ಇನ್ನೊಂದು ಸಲ ತೆಗೀಬಹುದು. ಒಮ್ಮೆ ತೊಳೆದುಹೋದ ಗುರುತು ಮತ್ತ ಬರೋದಿಲ್ಲ.

ಈ ವಾರ ನಿಮಗೊಂದು ಕೆಲಸ. ಮನೆಯಾಗ ಅಜ್ಜ, ಕಾಕಾ, ಯಾರಾದ್ರೂ ಹಿರಿಯರನ್ನ ಕೇಳ್ರಿ: ಕಂಪ್ಯೂಟರ್ ಉತಾರಾ ಮೊದಲ ಸಲ ಯಾವಾಗ ತಂದ್ರಿ, ಪರದೆ ಮೇಲೆ ಹೆಸರು ಸರಿ ಇತ್ತಾ ಅಂತ. ಫೋನಿನಾಗ ರೆಕಾರ್ಡ್ ಮಾಡ್ಕೊಳ್ರಿ. ಯಂತ್ರ ಗುಜರಿಗೆ ಹೋದರೂ ಆ ಮಾತು ನಿಮ್ಮ ಹತ್ರ ಉಳೀತದ. ಮುಂದಿನ ಸಂಚಿಕೆಯಾಗ ಸಿಗೋಣ್ರೀ.