ಜೇಬಿಗಿಳಿದ ಕಡತ

ಪುನರ್ವಸು, ಪುಷ್ಯ ಮಳೆಗಳು ಹಿಡಿದುಕೊಂಡವೆಂದರೆ ಸಕಲೇಶಪುರದ ಕಡೆಯ ಬೆಳಗೋಡಿನ ಸುತ್ತಿನ ಮನೆಗಳಲ್ಲಿ ಚಪ್ಪಲಿಯ ತೊಗಲಿಗೂ ಗೋಡೆಯ ಪಟಗಳಿಗೂ ಪೆಟ್ಟಿಗೆಯೊಳಗಿನ ರೇಷ್ಮೆಸೀರೆಗೂ ಬೂಷ್ಟು ಹಿಡಿಯುವುದು ವಾಡಿಕೆಯಾದುದರಿಂದ, ಬರೆದಿಟ್ಟುದನ್ನು ಕಾಪಾಡುವುದು ಹೇಗೆಂಬ ಚಿಂತೆ ಈ ಸೀಮೆಯಲ್ಲಿ ಗೃಹಕೃತ್ಯದ ಚಿಂತೆಗಳಲ್ಲೊಂದು. ಕಾಫಿತೋಟದ ಮನೆಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಗುರುತಿಸುವ ಪುಸ್ತಕವೊಂದಿರುತ್ತದೆ. ಕಾಫಿಯ ಹೂ ಅರಳಿಸುವ ಹೂಮಳೆ ಯಾವ ದಿನ ಬಿದ್ದಿತು, ಕೊಯ್ಲಿನ ಕಾಲಕ್ಕೆ ಅಕಾಲವೃಷ್ಟಿ ಎಷ್ಟಾಯಿತು ಎಂಬುದೆಲ್ಲ ಅದರಲ್ಲುಂಟು. ನಮ್ಮ ಮನೆಯ ಆ ಲೆಕ್ಕವನ್ನು ಮೊದಲು ಫ್ಲಾಪಿಗೂ ಅನಂತರ ಸಿ.ಡಿ.ಗೂ ಕಡೆಗೆ ಪೆನ್ ಡ್ರೈವಿಗೂ ಇಳಿಸಿದವನು ನಾನಾದ್ದರಿಂದ, ಈ ಸಾಧನಗಳ ಗುಣದೋಷಗಳನ್ನು ಕೈಯಾರೆ ಅರಿತಿದ್ದೇನೆ.

ಕಂಪ್ಯೂಟರಿನ ಫೈಲಿಗೆ ಇಂದು ಸಲ್ಲುತ್ತಿರುವ ‘ಕಡತ’ ಎಂಬ ಹೆಸರು ಬಹು ಹಳೆಯದು. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದ ವಸ್ತುವೇ ಕಡತ. ವರ್ತಕರ ಲೇವಾದೇವಿಯೂ ಶಾನುಭೋಗರ ಲೆಕ್ಕವೂ ಅದರಲ್ಲಿ ಸಂಚರಿಸಿದವು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಧಾರವಾಗಿವೆ. ಕಡತವನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು, ಕಂಕುಳಲ್ಲಿಟ್ಟುಕೊಂಡು ಊರಿಂದೂರಿಗೆ ಒಯ್ಯಬಹುದಾಗಿದ್ದಿತು. ತಾಳೆಯೋಲೆಯ ಧರ್ಮ ಬೇರೆ. ಕಂಟದಿಂದ ಕೊರೆದ ಅಕ್ಷರವನ್ನು ಅಳಿಸಲಾಗದು, ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಅಂಥದೊಂದು ಓಲೆಯ ಕಟ್ಟಿನಿಂದಲೇ ಲೋಕಕ್ಕೆ ದೊರೆತುದು. ಅಳಿಸಿ ಬರೆಯುವ ಕುಲವೊಂದು, ಕೊರೆದಿಡುವ ಕುಲವೊಂದು: ವಿದ್ಯುದ್ಯುಗದ ಸಾಧನಗಳನ್ನೂ ಈ ಎರಡು ಕುಲಗಳಲ್ಲಿ ವಿಂಗಡಿಸಬಹುದೆಂದು ನನಗೆ ತೋರುತ್ತದೆ.

ಫ್ಲಾಪಿಯು ಕಡತದ ಕುಲದ್ದು. ಐ.ಬಿ.ಎಂ. ಸಂಸ್ಥೆಯು 1971ರಲ್ಲಿ ಹೊರತಂದ ಮೊದಲ ಫ್ಲಾಪಿಯ ಅಗಲ 8 ಇಂಚು. 1976ರಲ್ಲಿ ಅದು ಐದೂಕಾಲು ಇಂಚಿಗೆ ಇಳಿಯಿತು. ಸೋನಿ ಸಂಸ್ಥೆಯು 1981ರಲ್ಲಿ ಮೂರೂವರೆ ಇಂಚಿನ ಗಟ್ಟಿ ಕವಚದ ರೂಪವನ್ನು ಕೊಟ್ಟಿತು. ನಮ್ಮಲ್ಲಿ ಎಲ್ಲರೂ ಕಂಡದ್ದು ಇದರ 1.44 ಎಂ.ಬಿ.ಯ ರೂಪವನ್ನೇ. ಒಳಗಿರುವುದು ಅಯಸ್ಕಾಂತದ ಲೇಪವಿರುವ ತೆಳುವಾದ ಪ್ಲಾಸ್ಟಿಕ್ ತಟ್ಟೆ. ಓದುವ ತಲೆಯು ಅದನ್ನು ತಾಗಿಕೊಂಡೇ ಚಲಿಸಬೇಕು. ಮಲೆನಾಡಿನಲ್ಲಿ ಕೇಡಿಗೆ ಇದೇ ಮೂಲವಾಯಿತು. ಒಂದು ಶ್ರಾವಣದಲ್ಲಿ ಮದುವೆಯ ಲಗ್ನಪತ್ರಿಕೆಯನ್ನು ಫ್ಲಾಪಿಯಲ್ಲಿ ತುಂಬಿಕೊಂಡು ಸಕಲೇಶಪುರದ ಅಚ್ಚಿನ ಮನೆಗೆ ಹೋದೆನು. ಯಂತ್ರವು ಕರಕರ ಸದ್ದುಮಾಡಿತೇ ಹೊರತು ಏನನ್ನೂ ಓದಲಿಲ್ಲ. ಅಲ್ಲಿದ್ದ ಹುಡುಗನು ಅದರ ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿ ಬೆಳಕಿಗೆ ಹಿಡಿದಾಗ, ಕಂದುಬಣ್ಣದ ತಟ್ಟೆಯ ಮೇಲೆ ಚಿಕ್ಕ ಬಿಳಿಯ ಬೂಷ್ಟಿನ ಚುಕ್ಕೆಗಳು ಕಂಡವು. ನನ್ನಲ್ಲಿದ್ದ ಎರಡನೆಯ ಪ್ರತಿಯು ತೆರೆದುಕೊಂಡಿತಾದರೂ ಗಣೇಶಸ್ತುತಿಯ ಸ್ಥಾನದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಸಾಲುಗಟ್ಟಿ ನಿಂತಿದ್ದವು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ಒಗ್ಗಿಸಿದ ಉಪಕಾರ ಮರೆಯತಕ್ಕದ್ದಲ್ಲ. ಆದರೆ ಅಂದಿನ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದುದರಿಂದ, ಅದೇ ಫಾಂಟಿಲ್ಲದ ಯಂತ್ರದಲ್ಲಿ ಬರಹವು ಹೀಗೆ ಕೆಡುತ್ತಿದ್ದಿತು. ಯೂನಿಕೋಡ್ ಬಳಕೆಗೆ ಬಂದಮೇಲೆ ಈ ಕಷ್ಟ ನೀಗಿತು. ಆದುದರಿಂದ ಸಾಧನವು ಉಳಿದರೆ ಸಾಲದು. ಓದುವ ಯಂತ್ರವೂ ಲಿಪಿಸಂಕೇತವೂ ಅದರೊಡನೆ ಉಳಿಯಬೇಕು. ಓಲೆಗೆ ಬೇಕಾಗಿದ್ದುದು ಕಣ್ಣು ಮತ್ತು ಲಿಪಿಜ್ಞಾನ ಮಾತ್ರ.

ನೂರು ಎಂ.ಬಿ.ಯ ಜಿಪ್ ಡಿಸ್ಕು ಪ್ರತ್ಯೇಕ ಯಂತ್ರವನ್ನು ಬೇಡಿದುದರಿಂದ ನಮ್ಮ ಊರುಗಳವರೆಗೆ ಬರಲಿಲ್ಲ. ಸಿ.ಡಿ. ಬಂದಿತು. ಸಂಗೀತಕ್ಕಾಗಿ 1982ರಲ್ಲಿ ಮಾರುಕಟ್ಟೆಗಿಳಿದ ಈ ತಟ್ಟೆಯು, ಒಮ್ಮೆ ಮಾತ್ರ ಬರೆಯಬಹುದಾದ ರೂಪವನ್ನು ತಾಳಿದಾಗ, ಓಲೆಯ ಕುಲಕ್ಕೆ ಸೇರಿತು; ಲೇಸರ್ ಕಿರಣವೇ ಅದರ ಕಂಟ. ಸುಮಾರು 500 ಫ್ಲಾಪಿಗಳ ಸಾಮಗ್ರಿ ಒಂದು ತಟ್ಟೆಯಲ್ಲಿ ಅಡಗಿತು. ಗೀರಿಗೂ ಬಿಸಿಲಿಗೂ ಅದು ಅಂಜುತ್ತಿದ್ದಿತು.

ಪೆನ್ ಡ್ರೈವಿನಲ್ಲಿ ತಿರುಗುವ ತಟ್ಟೆಯಿಲ್ಲ, ತಾಗುವ ತಲೆಯಿಲ್ಲ. ಬೆಲ್ ಪ್ರಯೋಗಾಲಯದಲ್ಲಿ ಕಾಂಗ್ ಮತ್ತು ಸ್ಜೆ ಎಂಬುವರು 1967ರಲ್ಲಿ ಕಂಡುಹಿಡಿದ ತತ್ತ್ವವನ್ನು ಅವಲಂಬಿಸಿ, ತೋಷಿಬಾದ ಫುಜಿಯೊ ಮಸುವೊಕಾ ಅವರು 1984ರಲ್ಲಿ ಫ್ಲ್ಯಾಶ್ ಸ್ಮೃತಿಯನ್ನು ಪ್ರಕಟಿಸಿದರು. ಸುತ್ತಲೂ ವಿದ್ಯುನ್ನಿರೋಧಕದ ಏರಿ ಕಟ್ಟಿದ ಸೂಕ್ಷ್ಮ ಕೆರೆಗಳಲ್ಲಿ ಇಲೆಕ್ಟ್ರಾನುಗಳನ್ನು ತುಂಬಿ ನಿಲ್ಲಿಸುವುದೇ ಅದರ ಕ್ರಮ; ವಿದ್ಯುತ್ತು ತಪ್ಪಿದರೂ ಕೆರೆ ಬರಿದಾಗದು. ಪೆನ್ ಡ್ರೈವಿಗೆ ದಾರಿಯಾದುದು 1996ರಲ್ಲಿ ಬಂದ ಯು.ಎಸ್.ಬಿ. ಜೋಡಣೆ, ಅದರ ನಿರ್ಮಾತೃಗಳಲ್ಲಿ ಇಂಟೆಲ್ ಸಂಸ್ಥೆಯಲ್ಲಿದ್ದ, ಬರೋಡಾದಲ್ಲಿ ಓದಿದ ಅಜಯ್ ಭಟ್ ಪ್ರಮುಖರು. 2000ದಲ್ಲಿ ಸಿಂಗಾಪುರದ ಟ್ರೆಕ್ ಮತ್ತು ಇಸ್ರೇಲಿನ ಎಂ-ಸಿಸ್ಟಮ್ಸ್ ಸಂಸ್ಥೆಗಳ ಡ್ರೈವುಗಳು ಮಾರಾಟಕ್ಕೆ ಬಂದಾಗ 8 ಎಂ.ಬಿ.ಯೇ, ಎಂದರೆ ಐದಾರು ಫ್ಲಾಪಿಯಷ್ಟೇ, ದೊಡ್ಡದೆನಿಸಿತ್ತು. ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ 32 ಜಿ.ಬಿ.ಯ ಡ್ರೈವಿಗೆ ಸುಮಾರು 21,700 ಫ್ಲಾಪಿಗಳು ಸಮ. ಅವನ್ನು ಒಂದರ ಮೇಲೊಂದು ಪೇರಿಸಿದರೆ ಶ್ರವಣಬೆಳಗೊಳದ ಗೊಮ್ಮಟನ ಎತ್ತರದ ನಾಲ್ಕರಷ್ಟಾದೀತು. ತೋಟದ ಆಳುಗಳನ್ನು ಕರೆತರುವ ಜೀಪುಗಳಲ್ಲಿ ಹಾಡುವುದೂ ಈಗ ಹೆಬ್ಬೆರಳಿನಷ್ಟಿರುವ ಇದೇ ವಸ್ತು. ಸೋನಿಯು 2011ರಲ್ಲಿ ಫ್ಲಾಪಿಯ ತಯಾರಿಕೆಯನ್ನು ನಿಲ್ಲಿಸಿತು.

ಇಷ್ಟಾದರೂ ಪೆನ್ ಡ್ರೈವನ್ನು ನಾನು ಗಾಡಿಯೆಂದು ನಂಬುತ್ತೇನೆ, ಕಣಜವೆಂದು ನಂಬಲಾರೆ. ಅಳಿಸಿ ಬರೆದ ಸಲವೆಲ್ಲ ಆ ಸೂಕ್ಷ್ಮವಾದ ಏರಿಯು ಸವೆಯುತ್ತದೆ. ಬರೆದು ಹಾಗೆಯೇ ಇಟ್ಟರೂ ವರ್ಷಗಳು ಕಳೆದಂತೆ, ಸೆಕೆಯಲ್ಲಂತೂ ಬೇಗನೆ, ತುಂಬಿದ್ದು ಒಸರಿಹೋಗುತ್ತದೆ. ಫ್ಲಾಪಿಯ ಬೂಷ್ಟು ಕಣ್ಣಿಗೆ ಕಾಣುತ್ತಿದ್ದಿತು. ಈ ಒಸರು ಕಾಣುವುದಿಲ್ಲ.

ನಮ್ಮ ಮಳೆಲೆಕ್ಕ ಈಗ ಮೂರು ಪೆನ್ ಡ್ರೈವುಗಳಲ್ಲಿದೆ. ಒಂದು, ತೇವ ತಗಲದಿರಲೆಂದು ಸದಾ ಸಣ್ಣ ಬಲ್ಬು ಉರಿಯುವ ಬೀರುವಿನಲ್ಲಿ. ಇನ್ನೊಂದು, ಹಾಸನದಲ್ಲಿ ಮಗಳ ಮನೆಯಲ್ಲಿ. ಮೂರನೆಯದು, ನನ್ನ ಬೀಗದ ಕೈಗೊಂಚಲಿನಲ್ಲಿ. ವರ್ಷಕ್ಕೊಮ್ಮೆ, ಹೂಮಳೆ ಬಿದ್ದ ವಾರ, ಮೂರರಲ್ಲಿಯೂ ಎಲ್ಲವನ್ನೂ ಹೊಸದಾಗಿ ಬರೆದು ತೆರೆದು ನೋಡುತ್ತೇನೆ. ಬೆಳಗ್ಗೆ ಮಳೆಮಾಪಕದ ನೀರನ್ನು ಅಳೆದ ಕೂಡಲೆ ಅಂಕಿಯನ್ನು ಬರೆಯುವುದು ಮಾತ್ರ ಇಂದಿಗೂ ಆ ಉದ್ದನೆಯ ರಟ್ಟಿನ ಪುಸ್ತಕದಲ್ಲಿಯೇ, ಪೆನ್ಸಿಲಿನಿಂದ.